ಮೂರನೆಯ ದಿನ

ಮಂಗಲಪೇಟೆಯ ನಮ್ಮ ಕಂಪೌಂಡಿನಲ್ಲಿ
ಒಂದು ಗಿಡ, ಎದೆಯೆತ್ತರ.
ನರ್ಸರಿಯವನು ಚೀಟಿಯಲ್ಲಿ ಬರೆದದ್ದು ಬ್ರನ್‌ಫೆಲ್ಸಿಯಾ,
ಓಣಿಯ ಹುಡುಗರಿಗೆ ಅದು ನಿನ್ನೆ-ಇವತ್ತು-ನಾಳೆ.
ಪುಷ್ಯದ ಚಳಿಗೆ ಬೀದರಿನ ನಲ್ಲಿನೀರು ಕೈ ಕಚ್ಚುವಾಗ
ಇದು ಮೊಗ್ಗು ಬಿಚ್ಚುತ್ತದೆ:
ಮೊದಲ ದಿನ ನೇರಳೆ, ಮರುದಿನ ಮಾಸಿದ ನೀಲಿ,
ಮೂರನೆಯ ದಿನ ಬರೀ ಬಿಳಿ.
ಒಂದೇ ಟೊಂಗೆಯಲ್ಲಿ ಮೂರೂ,
ಒಗೆದು ಒಗೆದು ಬಣ್ಣ ಬಿಟ್ಟ ಕುಪ್ಪಸಗಳ ಹಾಗೆ.

ಗೋಡೆಯಾಚೆ ಹಸನೋದ್ದೀನ್ ಚಾಚಾನ ಕಾರಖಾನೆ.
ಕಾರಖಾನೆಯೆಂದರೆ ಒಂದು ತಗಡು, ಒಂದು ಕುಲುಮೆ, ಮೂರು ಉಳಿ,
ಐವತ್ತು ವರ್ಷ ಬಿದರಿ ಹೂಜಿಗಳಿಗೆ ಬೆಳ್ಳಿ ಕೂರಿಸಿದ ಎರಡು ಕೈ.
ಕೋಟೆಯ ಮಣ್ಣನ್ನು ಚಿಟಿಕೆ ನಾಲಿಗೆಗಿಟ್ಟು
ಹೇಳಿಬಿಡುತ್ತಾರೆ, ಕಪ್ಪು ಕೊಡುತ್ತದೋ ಇಲ್ಲವೋ.
ಮೂಗು ಮಾತ್ರ ಇಲ್ಲ.
ಇದೆ, ಒಳಗಿನದನ್ನೆಲ್ಲ ನವಸಾಗರದ ಹೊಗೆ ತಿಂದಿದೆ.
ಅವರ ಒಲೆಯ ಮೇಲೆ ಹಾಲು ಸೀದರೂ
ಗೋಡೆಯೀಚೆಯಿಂದ ನಾನೇ ಕೂಗಬೇಕು.

ದಿನಾ ಬೆಳಿಗ್ಗೆ ಗೋಡೆಗೆ ಗದ್ದವಿಟ್ಟು ಎಣಿಸುತ್ತಾರೆ:
"ಮಾರ್ಥಾಬಾಯಿ, ಇವತ್ತ ಹನ್ನೊಂದು ಜಾಮುನಿ, ಆರು ಸಫೇದ."
ಬಿಳಿಯದಕ್ಕೆ ಬಂದಾಗ ಮುಖ ಸಣ್ಣದಾಗುತ್ತದೆ.
"ನಮ್ಮ ಕೆಲಸದಾಗ ಬೂದಿಬಣ್ಣದ ಜಸ್ತ ಕರ್ರಗ ಆಗ್ತದ,
ಆದಮ್ಯಾಗ ಮುಗೀತು, ನೂರು ವರ್ಷ ಹಂಗೇ.
ನಿನ್ನ ಗಿಡ ಉಲ್ಟಾ.
ಕಟ್ಟಿದ್ದನ್ನ ಮೂರೇ ದಿನದಾಗ ತಾನೇ ಬಿಚ್ಚಿಹಾಕ್ತದ."

ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರು.
ಕಲಿತದ್ದೆಲ್ಲ ಪಿಪೆಟ್ಟು ತೊಳೆಯುತ್ತ, ಇಪ್ಪತ್ತೆರಡು ವರ್ಷ.
ಒಂದು ದಿನ ನೇರಳೆ ಎಸಳು ಅರೆದು ಸೋಸಿದೆ.
ಹುಣಸೆಹುಳಿಗೆ ಕೆಂಪಾಯಿತು, ಸುಣ್ಣದ ತಿಳಿಗೆ ಹಸಿರು.
ಬಿಳಿ ಎಸಳಿನದು ಸುಣ್ಣಕ್ಕೆ ತುಸು ಹಳದಿಯಾಗಿ
ಸುಮ್ಮನೆ ಕೂತಿತು.
ಬಣ್ಣ ಎಲ್ಲಿಗೆ ಹೋಯಿತು ಮೇಡಂ, ಎಂದೆ.
ಅವರು ರೆಕಾರ್ಡ್ ಬುಕ್ಕಿನಿಂದ ತಲೆಯೆತ್ತದೆ ಹೇಳಿದರು:
ಎಸಳಿನೊಳಗೇ ಒಂದು ಕಿಣ್ವ, ಅದೇ ಮುರಿಯುತ್ತದೆ.
ಅದೇ ಹೊತ್ತಿಗೆ ಗಂಧದ ಕೆಲಸ ಜೋರಾಗುತ್ತದೆ.
ಎರಡಕ್ಕೂ ಕಚ್ಚಾ ಮಾಲು ಒಂದೇ, ಫಿನೈಲ್‌ಅಲನೈನ್.
ಕ್ಯಾಲೆಂಡರಿನ ಹಿಂಬದಿಗೆ ನಾನು ಬರೆದುಕೊಂಡದ್ದು:
ಒಂದೇ ಜೋಳ. ಮೊದಲು ರೊಟ್ಟಿ, ಆಮೇಲೆ ಅಂಬಲಿ.

ಅವತ್ತು ಒಂದೊಂದಕ್ಕೇ ಮೂಗು ಹಚ್ಚಿದೆ.
ನೇರಳೆಗೆ ಹಸಿ ಎಲೆಯ ವಾಸನೆ, ಅಷ್ಟೆ.
ನೀಲಿಯಲ್ಲಿ ಯಾರೋ ದೂರದಲ್ಲಿ ಲವಂಗ ಜಜ್ಜಿದ ಹಾಗೆ.
ಬಿಳಿ,
ಕೊಳೆತ ಮೊಟ್ಟೆಯ ಗ್ಯಾಸನ್ನು ಸೆರಗಿನಲ್ಲಿ ಹೊತ್ತು ಬಂದವಳನ್ನು
ಗೇಟಿನಲ್ಲೇ ತಡೆದು ನಿಲ್ಲಿಸಿತು:
ಬೆಲ್ಲದ ಪಾಕ, ಕ್ರಿಸ್‌ಮಸ್ಸಿಗೆ ತೆರೆದ ಟ್ರಂಕಿನ ಸೀರೆ,
ಮತ್ತೇನೋ, ಹೆಸರು ಸಿಗದದ್ದು.
ಕಣ್ಣಿಗೆ ಬಡವಾಗಿ ನಿಂತ ಹೂವೇ
ಕತ್ತಲಾದ ಮೇಲೆ ಮನೆತುಂಬ.

ಇದನ್ನು ಚಾಚಾನಿಗೆ ಹೇಗೆ ಹೇಳುವುದು?
ಹೇಗೋ ಹೇಳಿದೆ.
ಬಹಳ ಹೊತ್ತು ಉಳಿ ಮಸೆದರು.
"ಅಂದ್ರ ನನಗ ಹೋದದ್ದೇ ನಿನಗ ಬರ್ತದ."
ಹೂಂ.
"ಎಷ್ಟು ದೂರ ಹೋಗ್ತದ ಅದು?"
ಚೌಬಾರಾ ತನಕ ಇಲ್ಲ, ನಿಮ್ಮ ಕುಲುಮೆ ತನಕ ಖರೆ.
ಅಂಗಿಯ ತೋಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು,
ಮಸಿ ಹತ್ತಿದೆಯೋ ಎಂಬಂತೆ.
ಆಮೇಲೆ ಕೈ ಚಾಚಿ ಒಂದು ಬಿಳಿ ಹೂ ಕಿತ್ತು
ಮಣ್ಣಿನ ಹಾಗೆ ನಾಲಿಗೆಗಿಟ್ಟರು.

ಉಗುಳ್ರಿ ಚಾಚಾ, ವಿಷ ಅದು!

ಉಗುಳಿದರು. ಬಾಯಿ ಮುಕ್ಕಳಿಸಿದರು.
"ಕೈ ಅದ," ಅಂದರು, "ಆದ್ರ ಮಣ್ಣಿನಷ್ಟು ಖರೆ ಹೇಳಲ್ಲ."

ಮರುದಿನ ಚಳಿಗೆ ಮಫ್ಲರ್ ಸುತ್ತಿ ಮತ್ತೆ ಗೋಡೆಗೆ ಗದ್ದ.
ಎಣಿಕೆ ಬಿಳಿಯದರಿಂದ ಶುರುವಾಯಿತು.
ಒಂಬತ್ತಕ್ಕೆ ನಿಂತು, ನನ್ನ ಮುಖ ನೋಡಿದರು.